ಮೂರು ಸುಣ್ಣದ ಚುಕ್ಕಿ

ನಮ್ಮ ಅಂಗಡಿ ಬೋರ್ಡಿನ ಮ್ಯಾಲೆ ಎರಡೇ ಸಾಲು ಅದಾವು. ಮೊದಲನೇದು, ‘ಇಲ್ಲಿ ಮುರಿದ ಬೋಲ್ಟ್, ಸ್ಟಡ್, ಸ್ಕ್ರೂ ತೆಗೆಯಲಾಗುವುದು.’ ಎರಡನೇದು, ‘ಥ್ರೆಡ್ ಕೆಟ್ಟರೆ ಅಂಗಡಿ ಮುಚ್ಚಲಾಗುವುದು.’

ಬರೆಯಾಕ ಬಂದ ಪೇಂಟರ್ ಎರಡನೇ ಸಾಲಿಗೆ ಬಂದಾಗ ಬ್ರಷ್ ಕೆಳಗಿಟ್ಟ. "ಅಣ್ಣ, ಇದು ಬ್ಯಾಡ. ಬಾಯಾಗ ಹೇಳೋದು ಬ್ಯಾರೆ, ಬಣ್ಣದಾಗ ಬರಸೋದು ಬ್ಯಾರೆ," ಅಂದ. "ನೀ ಬರಿ, ದೊಡ್ಡದಾಗಿ ಬರಿ," ಅಂದೆ. ಸಿರುಗುಪ್ಪದಿಂದ ಬಳ್ಳಾರಿಗೆ ಹೋಗೋ ಬಸ್ಸಿನ್ಯಾಗ ಕಿಟಕಿ ಬಾಜು ಕುಂತೋರು ಓದ್ಬೇಕು, ಅಷ್ಟು ದೊಡ್ಡದು. ಇಪ್ಪತ್ತಾರು ವರ್ಷ ಆತು. ಆ ಬೋರ್ಡಿನ ಬಣ್ಣ ಎರಡು ಸಲ ಹೋತು, ಎರಡು ಸಲ ಮತ್ತ ಬರಸಿದೆ. ಥ್ರೆಡ್ ಮಾತ್ರ ಒಂದೂ ಹೋಗಿರಲಿಲ್ಲ.

ಥ್ರೆಡ್ ಅಂದ್ರ ಬೋಲ್ಟ್ ಕೂಡೋ ತೂತಿನೊಳಗ ಸುತ್ತಿಕೊಂತ ಇಳಿದಿರೋ ಗೆರಿ. ಬೋಲ್ಟ್ ಮುರಿದ್ರ ಪ್ಯಾಟಿಯಾಗ ಇನ್ನೊಂದು ಸಿಗ್ತೈತಿ. ಗೆರಿ ಕೆಟ್ರ ಆ ತೂತಿನ್ಯಾಗ ಹೊಸ ಬೋಲ್ಟೂ ನಿಲ್ಲಂಗಿಲ್ಲ. ಹಂಗಾಗಿ ಮುರಿದದ್ದು ತೆಗೆಯೋದು ದೊಡ್ಡ ಮಾತಲ್ಲ, ಗೆರಿಗೆ ಗಾಯ ಆಗದಂಗ ತೆಗೆಯೋದು ದೊಡ್ಡ ಮಾತು. ಈ ಮಾತು ನಾನು ದಿನಕ್ಕ ನಾಕು ಸಲ ಹೇಳ್ತೀನಿ. ಕೇಳೋರಿದ್ರ ಆರು ಸಲ.

ನನ್ನ ಹೆಸರು ತಿಪ್ಪೇಸ್ವಾಮಿ. ನಾ ಸುಳ್ಳು ಹೇಳಂಗಿಲ್ಲ, ಆದ್ರ ಸಿರಿಗೇರಿ ಟ್ರ್ಯಾಕ್ಟರ್‌ದು ಮಾತ್ರ ಹೇಳ್ಬೇಕು. ಹಿಂದಿನ ಗಾಲಿ ಬೋಲ್ಟ್ ತುಕ್ಕು ಹಿಡಿದು ಕುಂತಿತ್ತು. ನಾ ಎಂಟು ಅಡಿ ಪೈಪ್ ಹಾಕಿ ತಿರುವಿದೆ. ಬೋಲ್ಟ್ ತಿರುಗಲಿಲ್ಲ, ಟ್ರ್ಯಾಕ್ಟರ್ ತಿರುಗ್ತು. ಮೂರು ಸುತ್ತು ತಿರುಗಿ ಅದು ಸುಸ್ತಾದ ಮ್ಯಾಲೆ ಬೋಲ್ಟ್ ಬಂತು. ಆಮ್ಯಾಲೆ ಬಳ್ಳಾರಿ ಸತ್ಯನಾರಾಯಣಪೇಟೆಯಿಂದ ಒಬ್ರು ಮೇಷ್ಟ್ರು ಕನ್ನಡಕ ತಂದಿದ್ರು, ಎಳ್ಳಿಗಿಂತ ಸಣ್ಣ ಸ್ಕ್ರೂ ಮುರಿದಿತ್ತು. ತೆಗೆದು ಅಂಗೈ ಮ್ಯಾಲೆ ಇಟ್ಟೆ. ಅವ್ರಿಗೆ ಕಾಣಲಿಲ್ಲ, ಯಾಕಂದ್ರ ಕನ್ನಡಕ ನನ್ನ ಕೈಯಾಗಿತ್ತು. ಮೇ ತಿಂಗಳಾಗಂತೂ ನಾ ಗ್ಯಾಸ್ ಹಚ್ಚಂಗೇ ಇಲ್ಲ. ಹನ್ನೊಂದು ಗಂಟೆಗೆ ಸಾಮಾನು ಹೊರಗ ಬಿಸಲಾಗ ಇಡ್ತೀನಿ, ಹನ್ನೆರಡಕ್ಕ ಬೋಲ್ಟ್ ತಾನೇ ಹೊರಗ ಬಂದು ನೆಳ್ಳಿಗೆ ನಿಂತಿರ್ತೈತಿ.

ಎದುರಿಗೆ ಜಂಬುನಾಥನ ಚಾದಂಗಡಿ. ಅಲ್ಲಿ ಕುಂತು ಈ ಕಥಿಗಳೆಲ್ಲಾ ಹೇಳ್ತೀನಿ. ಹೆಚ್ಚು ಮಂದಿ ಕೇಳೋದು ತೆಕ್ಕಲಕೋಟೆ ರೈಸ್ ಮಿಲ್ಲಿಂದು. ಮಿಲ್ಲಿನ ದೊಡ್ಡ ಶಾಫ್ಟ್ ಹಿಡಿದಿಡೋ ಬೋಲ್ಟ್ ಒಳಗೇ ತುಂಡಾಗಿ ಸುಗ್ಗಿ ಹೊತ್ತಿನ್ಯಾಗ ಮಿಲ್ ನಿಂತಿತ್ತು. ಮೂವರು ಮೆಕ್ಯಾನಿಕ್‌ಗಳು ಕೈ ಎತ್ತಿದ್ರು. ನಾ ಹೋಗಿ, "ಎಲ್ರೂ ಸುಮ್ನಿರ್ರಿ," ಅಂದೆ. ಸುತ್ತ ಕಾಯಿಸಿದೆ, ಕಾದ ಕಬ್ಬಿಣಕ್ಕ ಮೇಣದ ಬತ್ತಿ ಮುಟ್ಟಿಸಿದೆ, ಮೇಣ ಕರಗಿ ಗೆರಿಯೊಳಗ ಇಳೀತು. ಆಮ್ಯಾಲೆ ಬರೇ ಎರಡು ಬೆರಳಿಲೆ ಹದಿನೇಳು ಸುತ್ತು ತಿರುವಿ ತೆಗೆದೆ. ಮಿಲ್ ಮಾಲಕ ಬಗ್ಗಿ ಆ ತೂತಿನ್ಯಾಗ ನೋಡಿ ಮೀಸಿ ತಿದ್ದಿಕೊಂಡ, ಅಷ್ಟು ಲಕಲಕ ಇತ್ತು ಗೆರಿ. ಬೆಳಕಿಗೆ ಬ್ಯಾಟರಿ ಹಿಡಿದು ನಿಂತಾವ ಎರ್ರಣ್ಣ.

ಎರ್ರಣ್ಣ ಯಾರಂತ ಹೇಳ್ಬೇಕು. ಇಬ್ರೂ ಹದಿನಾರರ ವಯಸ್ಸಿನ್ಯಾಗ ಬಳ್ಳಾರಿಯಾಗ ಹುಸೇನ್‌ಪೀರ ಉಸ್ತಾದರ ಕೈಯಾಗ ಒಂದೇ ದಿನ ಕೆಲಸಕ್ಕ ಸೇರಿದ್ವಿ. ಒಂದೇ ತಾಟಿನ್ಯಾಗ ಉಂಡ್ವಿ. ಕಲಿತ ಮ್ಯಾಲೆ ನಾ ಸಿರುಗುಪ್ಪಕ್ಕ ಬಂದೆ, ಅವ ಕುರುಗೋಡಿಗೆ ಹೋಗಿ ಅಂಗಡಿ ಹಾಕಿದ. ನನ್ನ ಕಡೆಗೆ ಬಂದ ಪಂಪಿನ ಕೆಲಸ ಅವ್ನಿಗೆ ಕಳಿಸ್ತಿದ್ದೆ, ಅವ್ನ ಕಡೆಗೆ ಬಂದ ಮುರಿದ ಬೋಲ್ಟ್ ನನಗ ಕಳಿಸ್ತಿದ್ದ. ಮದುವಿಯಾಗ ನನ್ನ ಬಾಜು ನಿಂತಾವ ಅವ್ನೇ. ನನ್ನ ಮನಿಯಾಕಿ ಹೊನ್ನೂರಮ್ಮಗ ಅವ್ನಂದ್ರ ನನಗಿಂತ ಹೆಚ್ಚು ನಂಬಿಕಿ. "ಎರ್ರಣ್ಣನ ಮಾತಿನ್ಯಾಗ ಅರ್ಧ ಕಳದ್ರ ಸಾಕು, ನಿಮ್ಮ ಮಾತಿನ್ಯಾಗ ಎಲ್ಲಾ ಕಳೀಬೇಕು," ಅಂತಿದ್ಲು.

ಉಸ್ತಾದ್ ನಮಗ ಕಲಿಸಿದ್ದು ಬಹಳ. ಬೋಲ್ಟ್‌ಗೆ ಅವಸರ ಮಾಡಬ್ಯಾಡ. ಎಣ್ಣಿ ಬಿಟ್ಟು ಮಲಗಸು. ಕಾಯಿಸಬೇಕಂದ್ರ ಬೋಲ್ಟ್ ಕಾಯಿಸಬ್ಯಾಡ, ಅದರ ಸುತ್ತಲ ಮೈ ಕಾಯಿಸು. ಬಿಚ್ಚೋಕಿಂತ ಮೊದ್ಲು ಒಂದು ಕೂದಲಷ್ಟು ಬಿಗಿ ಮಾಡು, ತುಕ್ಕು ಅಲ್ಲೇ ಪಟ್ ಅಂತೈತಿ. ಇವೆಲ್ಲಾ ಎಲ್ಲಾ ಉಸ್ತಾದ್‌ಗಳೂ ಕಲಸ್ತಾರ. ಹುಸೇನ್‌ಪೀರ ಉಸ್ತಾದರು ಒಂದು ಹೆಚ್ಚು ಕಲಿಸಿದ್ರು, ಅದು ಸುಣ್ಣದ ಚುಕ್ಕಿ.

ಅವ್ರು ಎಲಿ ಅಡಿಕಿ ಹಾಕೋರು, ಕಿಸೆದಾಗ ಯಾವಾಗ್ಲೂ ಸುಣ್ಣದ ಡಬ್ಬಿ. ಒಂದು ಕೆಲಸಕ್ಕ ಕೈ ಹಚ್ಚಿ ಆಗಲಿಲ್ಲ ಅಂದ್ರ ವಾಪಸ್ ಕೊಡೋಕಿಂತ ಮೊದ್ಲು ತೂತಿನ ಬಾಜು ಸುಣ್ಣದ ಚುಕ್ಕಿ ಇಡೋರು. ಒಂದು ಚುಕ್ಕಿ ಅಂದ್ರ, ಎಣ್ಣಿ ಬೆಂಕಿ ಆಗ್ಯಾವು, ಬರಲಿಲ್ಲ. ಎರಡು ಅಂದ್ರ, ಡ್ರಿಲ್ ಇಳಿಸೀನಿ, ನೋಡ್ಕೊಂಡು ಮಾಡು. ಮೂರು ಅಂದ್ರ, ಒಳಗ ನನ್ನ ಹತ್ಯಾರನೂ ಮುರಿದೈತಿ, ಹುಷಾರಿ. ಮುಂದ ಯಾರ ಕೈಗೆ ಹೋಗ್ತೈತೋ ಅವ್ನಿಗೆ ತಿಳೀಬೇಕು. "ಗಿರಾಕಿ ಮುಂದ ಏನಾರ ಹೇಳ್ಕೋ ಬೇಟಾ," ಅಂತಿದ್ರು ಉಸ್ತಾದ್, "ಹೊಟ್ಟಿಪಾಡು ಐತಿ. ಚುಕ್ಕಿ ಮಾತ್ರ ಸುಳ್ಳು ಇಡಬ್ಯಾಡ." ಅವ್ರ ಕೈಯಾಗ ಕಲಿತೋರು ಬಳ್ಳಾರಿಯಿಂದ ಸಿರುಗುಪ್ಪದ ತನಕ ಹನ್ನೊಂದು ಮಂದಿ ಅದೀವಿ. ಎಲಿ ಅಡಿಕಿ ಬಿಟ್ಟೋರ ಅಂಗಡ್ಯಾಗೂ ಸುಣ್ಣದ ಡಬ್ಬಿ ಐತಿ.

ಈಗ ನಡೆದದ್ದು ಹೇಳ್ತೀನಿ. ಇದ್ರಾಗ ಟ್ರ್ಯಾಕ್ಟರ್ ತಿರುಗೋದಿಲ್ಲ.

ಹೋದ ಡಿಸೆಂಬರ್‌ನ್ಯಾಗ ಒಂದು ಸೋಮವಾರ ಎರ್ರಣ್ಣ ಫೋನ್ ಮಾಡಿದ.

"ಲೇ ತಿಪ್ಪ, ಒಂದು ಹೆಡ್ ಕಳಸಾಕತ್ತೀನಿ. ನಮ್ಮೂರ ಚಿದಾನಂದಪ್ಪಂದು. ಕಾಲುವಿ ನೀರು ಎತ್ತೋ ಹಳೇ ಎಂಜಿನ್ ಐತಲ್ಲ, ಅದರದು. ನೋಜಲ್ ಸ್ಟಡ್ ಒಳಗೇ ಮುರಿದೈತಿ."

"ಯಾರಾರ ಕೈ ಹಚ್ಯಾರೇನು?"

"ಯಾರೂ ಹಚ್ಚಿಲ್ಲ."

"ನೀ?"

"ನಾ ಯಾಕ ಹಚ್ಚಲಿ? ನಿನ್ನ ಬೋರ್ಡ್ ಓದಾಕ ಬರ್ತೈತಿ ನನಗ."

ಇಬ್ರೂ ನಕ್ವಿ. ಮಧ್ಯಾಹ್ನಕ್ಕ ಲಗೇಜ್ ಆಟೊದಾಗ ಚಿದಾನಂದಪ್ಪ ತಾನೇ ಬಂದ. ಅರವತ್ತೈದು ದಾಟಿದ ಮನಷ್ಯ, ಮಾತು ಕಡಿಮಿ. ಎಂಜಿನ್ನಿನ ತಲಿ, ಅದಕ್ಕೇ ಹೆಡ್ ಅಂತೀವಿ, ಗೋಣಿಚೀಲದಾಗ ಸುತ್ತಿ ಕೂಸಿನಂಗ ಹಿಡ್ಕೊಂಡಿದ್ದ.

"ಇದು ನಮ್ಮಪ್ಪ ತಂದದ್ದು ತಿಪ್ಪೇಸ್ವಾಮಿ. ಮಾಡಿದ ಕಂಪ್ನಿ ಮುಚ್ಚಿ ಎಷ್ಟೋ ವರ್ಷ ಆತು. ಇನ್ನೊಂದು ಸಿಗಂಗಿಲ್ಲ."

"ಕೆಡಂಗಿಲ್ಲ ಬಿಡ್ರಿ," ಅಂದು ಕೈಲೆ ಬೋರ್ಡ್ ತೋರಿಸಿದೆ. ಆತ ಬೋರ್ಡ್ ಪೂರಾ ಓದಿದ. "ಬರಸಿದ್ದು ಚಲೋ ಆತು," ಅಂದು ಚಾ ಕುಡಿದು ಹೋದ.

ಸ್ಟಡ್, ಅಂದ್ರ ತಲಿ ಇಲ್ಲದ ಬೋಲ್ಟ್, ನೋಡಿದೆ. ಮೈಯಿಂದ ಒಂದು ಗೋಧಿ ಕಾಳಷ್ಟು ಕೆಳಗ ಮುರಿದಿತ್ತು. ಮ್ಯಾಲೆ ಚಲೋ ತುಕ್ಕು. ಬಾಜು ಎಲ್ಲೂ ಚುಕ್ಕಿ ಇಲ್ಲ. ಮೂರು ದಿನ ಎಣ್ಣಿ ಬಿಟ್ಟು ಮಲಗಿಸಿದೆ. ಗುರುವಾರ ಮುಂಜಾನೆ ಗ್ಯಾಸ್ ಹಚ್ಚಿ ಸುತ್ತಲ ಮೈ ಕಾಯಿಸಿದೆ. ಮೈಗೆ ಹತ್ತಿದ್ದ ಎಣ್ಣಿ ಜಿಡ್ಡು ಸುಟ್ಟು ಹೊಗಿ ಎದ್ದು ಹೋತು. ಹೋದ ಮ್ಯಾಲೆ ಕರೀ ಕಬ್ಬಿಣದ ಮ್ಯಾಲೆ ಮೂರು ಬೆಳ್ಳನ ಕಲಿ ಕಂಡ್ವು. ಮೆಣಸಿನಕಾಯಿ ಬೀಜದಷ್ಟು. ಒಂದರ ಬಾಜು ಒಂದು, ಸಾಲಾಗಿ.

ಇಲ್ಲೇ ನಾ ತಪ್ಪಿದ್ದು. ಆ ಮೂರು ಕಲಿ ಏನಂತ ನನಗ ಗೊತ್ತಿಲ್ಲ ಅಂದ್ರ ಸುಳ್ಳಾಗ್ತೈತಿ. ಮೂವತ್ತಾರು ವರ್ಷ ಅದನ್ನೇ ನೋಡೀನಿ. ಸುಣ್ಣ ಒರಸಿದ್ರೂ ಕಬ್ಬಿಣದಾಗ ಚೂರು ಉಳೀತೈತಿ, ಕಾಯಿಸಿದ್ರ ಬೆಳ್ಳಗ ಕಾಣ್ತೈತಿ. ಆದ್ರ ಎರ್ರಣ್ಣ ಯಾರೂ ಕೈ ಹಚ್ಚಿಲ್ಲ ಅಂದಿದ್ದ. ಕಬ್ಬಿಣ ಒಂದು ಹೇಳಾಕತ್ತಿತ್ತು, ಎರ್ರಣ್ಣ ಒಂದು ಹೇಳಿದ್ದ. ನಾ ಎರ್ರಣ್ಣನ್ನ ನಂಬಿದೆ. ಬೂದಿ ಇರ್ಬೇಕಂತ ಬಟ್ಟಿಲೆ ಒರಸಿಬಿಟ್ಟೆ.

ಡ್ರಿಲ್ ಇಳಿಸೋ ಹೊತ್ತಿಗೆ ಜಂಬುನಾಥನ ಅಂಗಡಿ ಮುಂದ ಎಂಟು ಹತ್ತು ಮಂದಿ ನಿಂತಿದ್ರು. ಅವ್ರಿಗೆ ಅದು ನೋಡೋ ಆಟ. "ತಿಪ್ಪೇಸ್ವಾಮಿ, ಇದು ಎಷ್ಟು ಸುತ್ತಿಗೆ ಬರ್ತೈತಿ?" ಅಂತ ಒಬ್ಬ ಕೇಳಿದ. "ಇದು ಹದಿನೆಂಟು. ಮಿಲ್ಲಿನ ಬೋಲ್ಟ್‌ಗಿಂತ ಒಂದು ಸುತ್ತು ಮರ್ಯಾದಿ ಹೆಚ್ಚು," ಅಂದೆ. ಸ್ಟಡ್ಡಿನ ನಟ್ಟ ನಡುವ ಗುರುತು ಹೊಡೆದು ಸಣ್ಣ ಡ್ರಿಲ್ ಇಟ್ಟೆ. ಬೆಣ್ಣಿಯಾಗ ಇಳಿದಂಗ ಇಳೀತು. ಎರಡು ಸುತ್ತು ಚೂರು ಬಂತು. ಮೂರನೇ ಸುತ್ತಿಗೆ ಡ್ರಿಲ್ ಕಿರ್ ಅಂತು, ಏನೋ ಗಟ್ಟಿದಕ್ಕ ಬಡಿದು ಬಾಜುಕ್ಕ ಜಾರಿ ಗೆರಿಯೊಳಗ ಹೊಕ್ಕಿತು.

ಕೈಗೆ ಗೊತ್ತಾಗ್ತೈತಿ. ಕಣ್ಣಿಗಿಂತ ಮೊದ್ಲು ಕೈಗೆ. ನಾ ಡ್ರಿಲ್ ನಿಲ್ಲಿಸಿದೆ. ಬ್ಯಾಟರಿ ಹಚ್ಚಿ ನೋಡೋ ಧೈರ್ಯ ಆಗ್ಲಿಲ್ಲ, ಆದ್ರ ಮಂದಿ ನೋಡಾಕತ್ತಿದ್ರು, ಹಚ್ಚಿದೆ. ಎರಡೂವರೆ ಸುತ್ತು ಗೆರಿ ಕೆತ್ತಿ ಹೋಗಿತ್ತು. ನಡುವ ಬೆಳ್ಳಗ ಮಿಂಚಾಕತ್ತಿತ್ತು ಒಂದು ಗಟ್ಟಿ ಉಕ್ಕಿನ ತುಂಡು, ಮೈಗೆ ಉಲ್ಟಾ ಹಲ್ಲು. ಮುರಿದ ಬೋಲ್ಟಿನ ಎದಿಯಾಗ ಹೊಗಿಸಿ ಹೊರಗ ಎಳೆಯೋ ಹತ್ಯಾರ ಅದು. ಗಾಜಿನಂಗ, ಹೆಚ್ಚು ಬಲ ಹಾಕಿದ್ರ ಒಳಗೇ ಮುರೀತೈತಿ. ಮುರಿದ್ರ ಯಾವ ಡ್ರಿಲ್ಲೂ ಅದನ್ನ ಕೊರೆಯಂಗಿಲ್ಲ.

ಯಾರೋ ಮೊದಲೇ ಕೊರೆದು, ಹತ್ಯಾರ ಹಾಕಿ, ಮುರಿದು, ಅದರ ಮ್ಯಾಲೆ ಮೆತ್ತನ ಕಬ್ಬಿಣದ ಬಿರಡಿ ಬಡಿದು ಕೂಡಿಸಿ, ಫೈಲ್ ಹೊಡೆದು, ಉಪ್ಪು ನೀರು ಹಾಕಿ ತುಕ್ಕು ಹಿಡಿಸಿದ್ರು. ಆ ಬಿರಡಿ ಕೂಡಿಸಿದ್ದು ನೋಡ್ಬೇಕು ನೀವು. ಸಂದಿಗೆ ಕೂದಲು ಹೋಗಂಗಿಲ್ಲ. ಅಷ್ಟು ಚಂದ ಕೂಡಿಸೋ ಕೈ ಈ ಜಿಲ್ಲಾದಾಗ ಎರಡೇ ಅದಾವು. ಅದ್ರಾಗ ಒಂದು ನಂದು. ನಾ ಕೂಡಿಸಿರಲಿಲ್ಲ.

ಜಂಬುನಾಥ ಅಂಗಡಿಯಿಂದಲೇ ಕೇಳಿದ. "ಏನಾತಣ್ಣ?"

"ಥ್ರೆಡ್ ಹೋತು."

ಎಲ್ರೂ ನಕ್ರು. ನಾ ಏನೋ ಕಥಿ ಶುರು ಮಾಡಾಕತ್ತೀನಂತ ತಿಳಿದ್ರು.

ಆ ದಿನ ಮನಿಗೆ ಹೋಗಿ ಉಣ್ಣಾಕ ಕುಂತೆ, ಉಣಲಿಲ್ಲ. ಹೊನ್ನೂರಮ್ಮ ರೊಟ್ಟಿ ತಟ್ಟೋದು ನಿಲ್ಲಿಸಿ ಕೇಳಿದ್ಲು. ಹೇಳಿದೆ. ಅಕಿ ಹಿಟ್ಟಿನ ಕೈ ಸೆರಗಿಗೆ ಒರಸಿಕೊಂಡ್ಲು.

"ಎರ್ರಣ್ಣ ಹಂಗ ಮಾಡೋ ಮನಷ್ಯ ಅಲ್ಲ," ಅಂದ್ಲು.

"ಬಿರಡಿ ನೋಡೀನಿ ನಾನು."

"ನೀವು ಏನೇನೋ ನೋಡ್ತೀರಿ. ಟ್ರ್ಯಾಕ್ಟರ್ ತಿರುಗಿದ್ದನ್ನೂ ನೋಡೀರಿ."

ಹೆಂಡ್ತಿ ಅದಾಳ, ಇಪ್ಪತ್ತೆಂಟು ವರ್ಷ ಬಾಳ್ವಿ ಮಾಡ್ಯಾಳ. ಅಕಿಗೇ ನಂಬಿಕಿ ಇಲ್ಲಂದ್ರ ಊರಿಗೆ ಹೆಂಗ. ಅವತ್ತು ನನಗ ಅದು ಪೂರಾ ತಲಿಗೆ ಹೋಗ್ಲಿಲ್ಲ.

ಶುಕ್ರವಾರ ಗಾಡಿ ತಗೊಂಡು ಹೊಂಟೆ. ತೆಕ್ಕಲಕೋಟೆ ದಾಟಿ, ಸಿರಿಗೇರಿ ಕ್ರಾಸಿನ್ಯಾಗ ಬಲಕ್ಕ ಹೊಳ್ಳಿ ಕುರುಗೋಡು. ಎರಡೂ ಬಾಜು ಭತ್ತ ಕೊಯ್ಯೋ ಮಷೀನ್ ಓಡಾಡ್ತಿದ್ವು. ದಾರ್ಯಾಗ ಏನೇನು ಬೈಬೇಕಂತ ಕೂಡಿಸಿಕೊಂಡೆ. ಕನ್ನಡದಾಗ ಆತು, ತೆಲುಗಿನ್ಯಾಗ ಆತು, ಉಸ್ತಾದರು ಸಿಟ್ಟಿಗೆ ಬಂದಾಗ ಆಡೋ ಉರ್ದು ನಾಕು ಮಾತು ನೆನಪಾದ್ವು. ಅಂಗಡಿ ಮುಂದ ಗಾಡಿ ನಿಲ್ಲಿಸೋ ಹೊತ್ತಿಗೆ ಒಂದೂ ಉಳೀಲಿಲ್ಲ.

ಎರ್ರಣ್ಣ ಪಂಪ್ ಬಿಚ್ಚಿಕೊಂಡು ಕುಂತಿದ್ದ. ನನ್ನ ನೋಡಿ ಎದ್ದು ಕೈ ಒರಸಿಕೊಂಡ. ಸ್ಟೂಲ್ ಸರಿಸಿದ. ಚಾ ತರಿಸಿದ. ಚಾ ಮುಗಿದ ಮ್ಯಾಲೆ ಅವ್ನೇ ಕೇಳಿದ.

"ಎಷ್ಟು ಸುತ್ತು ಹೋತು?"

"ಎರಡೂವರೆ."

"ನಾ ಒಂದೂವರೆ ಅಂದ್ಕೊಂಡಿದ್ದೆ."

"ಚುಕ್ಕಿ ಇಟ್ಟಿದ್ದಿ."

"ಇಟ್ಟಿದ್ದೆ. ಹತ್ಯಾರ ಮುರಿದ ದಿನ ಮೂರೂ ಇಟ್ಟೆ. ಹತ್ತು ದಿನ ಆದ ಮ್ಯಾಲೆ ಒರಸಿದೆ."

"ಯಾಕ್ಲೇ?"

ಅವ ತಿರುಗಿ ಪಂಪಿನ ಮುಂದ ಕುಂತ. ಕೈ ಕೆಲಸ ಮಾಡಾಕತ್ವು, ಮಾತು ಮೆಲ್ಲಕ ಬಂತು.

"ನಮ್ಮ ರಶ್ಮಿಗೆ ತೆಕ್ಕಲಕೋಟಿ ಸಂಬಂಧ ಆತಲ್ಲ. ಹೋದ ತಿಂಗಳು ನಿಶ್ಚಿತಾರ್ಥದ ದಿನ ಊಟಕ್ಕ ಕುಂತಿದ್ವಿ. ನೀ ಬಂದಿರಲಿಲ್ಲ, ನಿನಗ ಜ್ವರ. ಬೀಗರ ಕಡೆ ದೊಡ್ಡೋರೊಬ್ರು, ನೀವು ಏನು ಕೆಲಸ ಮಾಡ್ತೀರಿ ಅಂದ್ರು. ನಾ ಎಂದೂ ದೊಡ್ಡಸ್ತಿಕಿ ಹೇಳ್ಕೊಂಡಾವ ಅಲ್ಲ, ನಿನಗ ಗೊತ್ತೈತಿ. ಅವತ್ತು ಮಗಳ ಮುಂದ ಒಂದು ಮಾತು ಹೇಳ್ಬೇಕನಿಸ್ತು. ನಿಮ್ಮೂರ ರೈಸ್ ಮಿಲ್ಲಿನ ಬೋಲ್ಟ್ ತೆಗೆದಾವ ನಾನೇ ರೀ ಅಂದೆ."

ನಾ ಖಾಲಿ ಚಾ ಗ್ಲಾಸ್ ಕೆಳಗಿಟ್ಟೆ.

"ಆ ಯಜಮಾನ್ರು ನಕ್ಕಬಿಟ್ರು. ‘ಅದು ಸಿರುಗುಪ್ಪ ತಿಪ್ಪೇಸ್ವಾಮಿದಲ್ಲೇನಪ್ಪ? ಹದಿನೇಳು ಸುತ್ತು. ಮೀಸಿ ತಿದ್ದಿಕೊಂಡದ್ದು. ನೀನು ಬ್ಯಾಟರಿ ಹಿಡಿದಾವ ಅಲ್ಲೇನು?’ ಅಂದ್ರು. ಪಂಕ್ತಿಗೆ ಪಂಕ್ತೀನೇ ನಕ್ತು. ರಶ್ಮಿ ನೀಡಾಕತ್ತಿದ್ಲು. ಅಪ್ಪ ಮಂದಿ ಕಥಿ ಕದ್ದು ಹೇಳ್ತಾನಂತ ಅಕಿ ತಲಿ ತಗ್ಗಿಸಿ ಒಳಗ ಹೋದ್ಲು. ಇವತ್ತಿಗೂ ಅಕಿ ನನ್ನ ಕೇಳಿಲ್ಲ. ಕೇಳಿದ್ರ ಹೇಳ್ತಿದ್ದೆ."

ನಿಮಗ ಆ ಮಿಲ್ಲಿನ ಸುದ್ದಿ ಹೇಳಿದ್ನಲ್ಲ. ಮಿಲ್ ಖರೆ. ಮೇಣದ ಬತ್ತಿ ಖರೆ. ಹದಿನೇಳು ಸುತ್ತೂ ಖರೆ, ಎಣಿಸಿದಾವ ನಾನೇ. ತಿರುವಿದಾವ ಎರ್ರಣ್ಣ. ಬ್ಯಾಟರಿ ನನ್ನ ಕೈಯಾಗಿತ್ತು. ಮೊದಲನೇ ಸಲ ಚಾದಂಗಡ್ಯಾಗ ಹೇಳಿದಾಗ ‘ನಾವು ತೆಗೆದ್ವಿ’ ಅಂದಿದ್ದೆ. ‘ನಾವು’ ಅಂದ್ರ ಕಥಿ ಕುಂಟ್ತೈತಿ, ಕೇಳೋರು ಯಾರು ಯಾರು ಅಂತಾರ. ಎರಡನೇ ಸಲ ‘ನಾ’ ಅಂದೆ, ಚಂದ ಓಡ್ತು. ಎರ್ರಣ್ಣನೂ ಎಷ್ಟೋ ಸಲ ಬಾಜು ಕುಂತು ಕೇಳಿ ನಕ್ಕಿದ್ದ. ನಗ್ತಾನ ಅಂದ್ರ ಒಪ್ಪಿದ್ದಾನ ಅಂತ ನಾ ತಿಳಿದಿದ್ದೆ.

"ಅದು ಕಥಿಲೇ," ಅಂದೆ. "ಕಥಿಯಿಂದ ಯಾವ ಕಬ್ಬಿಣಕ್ಕೂ ಗಾಯ ಆಗಂಗಿಲ್ಲ. ಚುಕ್ಕಿ ಹಂಗಲ್ಲ. ಉಸ್ತಾದ್ ಏನು ಹೇಳಿದ್ರು? ಹೊರಗ ಏನಾರ ಹೇಳ್ಕೋ, ತೂತಿನ ಬಾಜು ಸುಳ್ಳು ಇಡಬ್ಯಾಡ ಅಂದಿದ್ರು. ನಾ ಹೊರಗ ಎಷ್ಟು ಹೇಳಿದ್ರೂ ನಿನಗ ಕಳಿಸಿದ ಒಂದು ಸಾಮಾನಿನ ಮ್ಯಾಲೆ ಒಂದು ಚುಕ್ಕಿ ತಪ್ಪು ಇಟ್ಟೀನೇನು?"

"ಇಲ್ಲ."

"ನನ್ನ ಬೋರ್ಡ್ ಏನಂತೈತಿ ಗೊತ್ತಿತ್ತು ನಿನಗ."

"ಅದಕ್ಕೇ ಕಳಿಸಿದೆ."

ಇದನ್ನ ಅವ ಎಷ್ಟು ಮೆಲ್ಲಕ ಹೇಳಿದ ಅಂದ್ರ, ಪಂಪಿನ ನಟ್ ಡಬ್ಬ್ಯಾಗ ಬಿದ್ದ ಸಪ್ಪಳ ಅದಕ್ಕಿಂತ ಜೋರಿತ್ತು. ಬೈದಿದ್ರ ತಡ್ಕೊಂತಿದ್ದೆ. ಸಿಟ್ಟಿನ್ಯಾಗ ಮಾಡಿದೆ ಅಂದಿದ್ರೂ ತಡ್ಕೊಂತಿದ್ದೆ. ಹತ್ತು ದಿನ ವಿಚಾರ ಮಾಡಿ, ಬಿರಡಿ ಕೂಡಿಸಿ, ಉಪ್ಪು ನೀರು ಹಾಕಿ, ತುಕ್ಕು ಏರೋ ತನಕ ಕಾದು, ಆಮ್ಯಾಲೆ ಫೋನ್ ಮಾಡಿ ನನ್ನ ಸಂಗಾಟ ನಕ್ಕಾನಲ್ಲ, ಅದು ಎದಿಯಾಗ ಕುಂತ್ತು.

"ಚಿದಾನಂದಪ್ಪನ ಎಂಜಿನ್ ಏನು ಪಾಪ ಮಾಡಿತ್ತು?"

"ಅದಕ್ಕ ಸ್ಲೀವ್ ಹಾಕಿದ್ರ ಓಡ್ತೈತಿ. ನಿನಗೂ ಗೊತ್ತು, ನನಗೂ ಗೊತ್ತು."

ಸ್ಲೀವ್ ಅಂದ್ರ ತೂತು ದೊಡ್ಡದು ಮಾಡಿ, ಒಳಗ ಹೊಸ ಗೆರಿ ಇರೋ ಕೊಳವಿ ಕೂಡಿಸೋದು. ಎಂಜಿನ್ ಓಡ್ತೈತಿ. ಕೆಟ್ಟ ಗೆರಿ ಕೆಟ್ಟೇ ಇರ್ತೈತಿ.

ಹೊರಡೋ ಮುಂದ ಕೇಳಿದೆ. "ಸಿರುಗುಪ್ಪಕ್ಕ ಬಂದು, ಚುಕ್ಕಿ ಒರಸಿದಾವ ನಾನು ಅಂತ ಹೇಳ್ತೀಯೇನು? ಆ ಎಂಟು ಹತ್ತು ಮಂದಿ ಮುಂದ. ನನ್ನ ಕೈ ತಪ್ಪಿಲ್ಲ ಅಂತ ಗೊತ್ತಾದ್ರ ಸಾಕು."

ಎರ್ರಣ್ಣ ಪಂಪ್ ಬಿಟ್ಟು ತಲಿ ಎತ್ತಿದ. "ಮಿಲ್ಲಿನ ಬೋಲ್ಟ್ ತೆಗೆದಾವ ಎರ್ರಣ್ಣ ಅಂತ ನೀ ಮೊದ್ಲು ಹೇಳು. ಅಲ್ಲೇ, ಅದೇ ಮಂದಿ ಮುಂದ. ನಾ ಕೇಳ್ಬೇಕು. ಆಮ್ಯಾಲೆ ನಾ ಹೇಳ್ತೀನಿ."

"ಹೇಳ್ತೀನಿ."

"ಹೇಳು ನೋಡಣ."

ಶನಿವಾರ ಪೂರಾ ಚಿದಾನಂದಪ್ಪನ ಹೆಡ್ ಮುಂದ ಕುಂತೆ. ಆ ಉಕ್ಕಿನ ತುಂಡನ್ನ ಗಟ್ಟಿ ಮೊಳಿಲೆ ಬಡಿದು ಬಡಿದು ಒಡೆದು, ಚೂರು ಚೂರು ಚುಂಬಕಕ್ಕ ಹತ್ತಿಸಿ ತೆಗೆದೆ. ಉಳಿದ ಸ್ಟಡ್ ತಿರುವಿದ್ರ ಒಂದೇ ಮಾತಿಗೆ ಬಂತು. ತೂತು ದೊಡ್ಡದು ಮಾಡಿ ಸ್ಲೀವ್ ಕೂಡಿಸಿದೆ. ಜೀವಮಾನದಾಗ ಮೊದಲನೇದು. ಚಲೋ ಕುಂತ್ತು, ಅದೇ ಬ್ಯಾಸರ. ಚಿದಾನಂದಪ್ಪ ಬಂದು ನೋಡಿದ. ನಡೆದದ್ದು ಎಲ್ಲಾ ಹೇಳಿದೆ, ಗೆರಿ ಕೆಟ್ಟದ್ದು, ಕೊಳವಿ ಹಾಕಿದ್ದು.

"ಎರ್ರಣ್ಣನ ಅಂಗಡ್ಯಾಗ ಎಷ್ಟು ದಿನ ಇತ್ತು ಇದು?" ಅಂತ ಕೇಳಿದೆ.

"ಹದಿನೆಂಟು ದಿನ ಇತ್ತಪ. ಪುರಸೊತ್ತಿಲ್ಲ, ಮುಟ್ಟಿಲ್ಲ ಅಂತಿದ್ದ."

"ಮುಟ್ಟಿದ್ದ ರೀ."

"ಯಾರು ಮುಟ್ಟಿದ್ರೇನು. ಎಂಜಿನ್ ಓಡ್ತೈತಲ್ಲ?"

"ಓಡ್ತೈತಿ."

"ಮತ್ತ್ಯಾಕ ಮಾರಿ ಸಣ್ಣದು ಮಾಡ್ಕೊಂಡಿ?" ಅಂದು ಗೋಣಿಚೀಲದಾಗ ಸುತ್ತಿಕೊಂಡು ಹೋದ.

ಭಾನುವಾರ ಸಂಜಿಮುಂದ ಜಂಬುನಾಥನ ಅಂಗಡ್ಯಾಗ ಹದಿನೈದು ಮಂದಿ ಇದ್ರು. ನಮ್ಮೂರ ಮಿಲ್ಲಿನ ಡ್ರೈವರ್ ಮಾರೇಶ್, ಗೊಬ್ಬರದಂಗಡಿ ಮೂಕಪ್ಪ, ಉಳಿದೋರಾಗ ಹೆಚ್ಚು ಮಂದಿ ಗುರುವಾರ ನಿಂತು ನೋಡಿದವ್ರು. ನಾ ಎರ್ರಣ್ಣಗ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಸಕ್ಕರಿ ಡಬ್ಬಿ ಮ್ಯಾಲೆ ಇಟ್ಟೆ.

"ಎಲ್ರೂ ಕೇಳ್ರಿ. ತೆಕ್ಕಲಕೋಟಿ ರೈಸ್ ಮಿಲ್ಲಿನ ಬೋಲ್ಟ್ ತೆಗೆದಾವ ನಾನಲ್ಲ. ಕುರುಗೋಡು ಎರ್ರಣ್ಣ. ಕಾಯಿಸಿದಾವ ಅವ, ಮೇಣ ಬಿಟ್ಟಾವ ಅವ, ಹದಿನೇಳು ಸುತ್ತು ತಿರುವಿದಾವ ಅವ. ನಾ ಬ್ಯಾಟರಿ ಹಿಡಿದಿದ್ದೆ. ಇಪ್ಪತ್ತು ವರ್ಷ ನಿಮ್ಮ ಮುಂದ ಸುಳ್ಳು ಹೇಳೀನಿ."

ಮಾರೇಶ್ ಮೊದ್ಲು ತಲಿ ಆಡಿಸಿದ.

"ಇದು ಚಲೋ ಐತಿ ಮಾವ. ಮೊದ್ಲಿಂದಕ್ಕಿಂತ ಚಲೋ."

"ಕಥಿ ಅಲ್ಲಪ ಇದು."

"ಅದೇ ನಾ ಹೇಳೋದು, ಕಥಿ ಅನ್ಸಂಗೇ ಇಲ್ಲ," ಅಂದ ಮೂಕಪ್ಪ. "ಮೀಸಿ ತಿದ್ದಿಕೊಂಡದ್ದು ಬಿಟ್ಟಿ ನೋಡು, ಅದು ಇರ್ಲಿ. ಎರ್ರಣ್ಣ ಮೀಸಿ ತಿದ್ದಿಕೊಂಡ ಅಂತ ಹಾಕು."

"ಗುರುವಾರ ಥ್ರೆಡ್ ಹೋದದ್ದೂ ಖರೆ," ಅಂದೆ. "ಎರ್ರಣ್ಣ ಒಳಗ ಹತ್ಯಾರ ಮುರಿದು, ಬಿರಡಿ ಬಡಿದು, ಮೂರು ಸುಣ್ಣದ ಚುಕ್ಕಿ ಒರಸಿ ಕಳಿಸಿದ್ದ."

ಇದಕ್ಕಂತೂ ಜಂಬುನಾಥ ಜರಡಿ ಕೆಳಗಿಟ್ಟು ನಕ್ಕ. "ಮೊದ್ಲು ಅವ್ನನ್ನ ದೇವ್ರು ಮಾಡಿ, ಆಮ್ಯಾಲೆ ಕಳ್ಳ ಮಾಡಿಬಿಟ್ಟಲ್ಲಣ್ಣ. ಒಂದೇ ಚಾದಾಗ."

ನಾ ಫೋನಿನ ಹತ್ರ ಬಗ್ಗಿದೆ. "ಕೇಳಿದೇನಲೇ?"

"ಕೇಳಿದೆ," ಅಂತು ಎರ್ರಣ್ಣನ ದನಿ. ಅವ್ನ ಹಿಂದ ಅವ್ನ ಮನಿ ಪಾತ್ರಿ ಸಪ್ಪಳ ಕೇಳ್ತಿತ್ತು. "ಯಾರೂ ನಂಬಲಿಲ್ಲ."

"ನಾ ಹೇಳಿದೆ. ಈಗ ನೀ ಹೇಳು."

ಅಂಗಡಿ ಮಂದಿ ಫೋನಿನ ಸುತ್ತ ಬಗ್ಗಿ ನಿಂತ್ರು.

"ಎರ್ರಣ್ಣ," ಅಂತ ಮಾರೇಶ್ ಕೂಗಿದ, "ನೀವು ಚುಕ್ಕಿ ಒರಸಿದ್ದು ಖರೇನಾ?"

"ನಾ ಆ ಹೆಡ್ ಮುಟ್ಟೇ ಇಲ್ಲಪ," ಅಂದ ಎರ್ರಣ್ಣ. "ಅವ ಹಂಗೇ. ನಿಮಗ ಗೊತ್ತಿಲ್ಲೇನು." ಫೋನ್ ಇಟ್ಟ.

ಮಂದಿ ಬೆನ್ನು ಬೆನ್ನು ತಟ್ಟಿಕೊಂಡು ನಕ್ರು. ನಾ ಫೋನ್ ಕಿಸೆದಾಗ ಹಾಕ್ಕೊಂಡೆ. ಮನಷ್ಯ ಒಂದು ಸಲ ಸಿಟ್ಟಿನ್ಯಾಗ ಮೋಸ ಮಾಡ್ತಾನ, ಅದು ತಿಳೀತೈತಿ. ಮಾತು ಕೊಟ್ಟು, ತನ್ನ ಪಾಲಿಂದು ಪೂರಾ ಇಸ್ಕೊಂಡು, ಹೊಳ್ಳಿ ಎರಡನೇ ಸಲ ಮಾಡ್ತಾನಂದ್ರ, ಅವ್ನ ಸಂಗಾಟ ಒಂದೇ ತಾಟಿನ್ಯಾಗ ಉಂಡದ್ದೂ ಖರೇನೋ ಸುಳ್ಳೋ ಅಂತ ಅನಿಸಾಕತ್ತಿತು. ಅದನ್ನ ಯಾರನ್ನ ಕೇಳ್ಲಿ. ಇದ್ದೋರು ನಾವಿಬ್ರೇ.

ರಸ್ತಾ ದಾಟಿ ಅಂಗಡಿಗೆ ಬಂದೆ. ಒಳಗಿನ ದೀಪ ಆರಿಸಿದೆ. ಹತ್ಯಾರ ಪೆಟಗಿ ಗಾಡಿಗೆ ಕಟ್ಟಿದೆ. ಏಣಿ ಹಾಕಿ ಬೋರ್ಡಿನ ನಾಕು ಸ್ಕ್ರೂ ಬಿಚ್ಚಿದೆ. ಮಳಿಗಾಳಿಗೆ ತುಕ್ಕು ಹಿಡಿದಿದ್ರೂ ಒಂದೂ ತಕರಾರು ಮಾಡ್ಲಿಲ್ಲ. ಬೋರ್ಡ್ ಒಳಗ ಗ್ವಾಡಿಗೆ ಮಾರಿ ಮಾಡಿ ನಿಲ್ಲಿಸಿ, ಶಟರ್ ಎಳೆದು ಬೀಗ ಹಾಕಿದೆ.

ಎದುರಿಗೆ ಮಂದಿ ಚಾ ಗ್ಲಾಸ್ ಹಿಡ್ಕೊಂಡು ರಸ್ತಾದ ಬಾಯಿಗೆ ಬಂದು ನಿಂತಿದ್ರು.

"ಅಣ್ಣ, ಎಷ್ಟು ದಿನಕ್ಕ ಮುಚ್ಚಿದಂಗ?" ಅಂದ ಜಂಬುನಾಥ.

"ಥ್ರೆಡ್ ಕೆಟ್ಟೈತಿ. ಮುಚ್ಚೀನಿ."

"ಭಾಳ ಚಲೋ ಮಾಡಾಕತ್ತಾನ ಇವತ್ತು," ಅಂತ ಮೂಕಪ್ಪ ಬಾಜುದಾವ್ನಿಗೆ ಹೇಳಿದ್ದು ಕೇಳಿಸ್ತು.

ಗಾಡಿ ಶುರು ಮಾಡಿ ಹೊಂಟೆ. ಮೂಲಿ ತಿರುಗೋ ಮುಂದ ಕನ್ನಡಿಯಾಗ ನೋಡಿದೆ. ಅವ್ರು ಅಲ್ಲೇ ನಿಂತಿದ್ರು, ಮಾರ್ಯಾಗ ನಗಿ ಇಟ್ಕೊಂಡು, ನಾ ಹೊಳ್ಳಿ ಬರೋದನ್ನ ಕಾಯಕೊಂತ.